ಕಡಲು ದಾಟಿದ ಮೆಣಸು

ನಮ್ಮ ತೌರುಮನೆಯಲ್ಲಿ ವರ್ಷಕ್ಕೆ ಎರಡು ದಿನ ಮೆಣಸಿನಕಾಯಿ ಡಬ್ಬ ಅಟ್ಟ ಹತ್ತುತ್ತಿತ್ತು. ತಾತನ ತಿಥಿಗೊಮ್ಮೆ, ಅಜ್ಜಿಯ ತಿಥಿಗೊಮ್ಮೆ. ಅಮ್ಮ ಮಡಿಯುಟ್ಟು ಅಡಿಗೆಮನೆಗೆ ಹೋಗುವ ಮೊದಲೇ ನಾನು ಸ್ಟೂಲು ಹಾಕಿಕೊಂಡು ಡಬ್ಬವನ್ನು ಮೇಲಿಡಬೇಕು. ಅದರ ಹಿಂದೆಯೇ ಆಲೂಗಡ್ಡೆ ಬುಟ್ಟಿ ಹಿತ್ತಲಿಗೆ ಹೋಗುತ್ತಿತ್ತು. ಕೋಸು, ಬೀನ್ಸು, ಟೊಮೇಟೊಗಳನ್ನು ಹಿಂದಿನ ದಿನ ಗಾಂಧಿ ಬಜಾರಿನಿಂದ ಅಪ್ಪ ತರುತ್ತಲೇ ಇರಲಿಲ್ಲ. ಬಾಳೆಕಾಯಿ, ಗೋರಿಕಾಯಿ, ಹಾಗಲಕಾಯಿ, ಸುವರ್ಣಗೆಡ್ಡೆ, ಇವಿಷ್ಟೇ ಆ ದಿನದ ತರಕಾರಿ. ಖಾರಕ್ಕೆ ಮೆಣಸು. ಮೆಣಸಿನ ಸಾರಿನ ಆ ಘಾಟು ನಡುಮನೆ ದಾಟಿ ಜಗಲಿಗೆ ಬಂದರೆ, ಬಸವನಗುಡಿಯ ನಮ್ಮ ಬೀದಿಯವರಿಗೆಲ್ಲ ಇವತ್ತು ಇವರ ಮನೆಯಲ್ಲಿ ತಿಥಿ ಎಂದು ತಿಳಿಯುತ್ತಿತ್ತು.

"ಮೆಣಸಿನಕಾಯಿ ಯಾಕಮ್ಮ ಹಾಕಬಾರದು?" ಎಂದು ಕೇಳಿದರೆ ಅಮ್ಮನದು ಒಂದೇ ಉತ್ತರ. "ಅದು ಈಚೆಗೆ ಬಂದದ್ದು ಕಣೇ, ಪಿತೃಗಳಿಗೆ ಅದರ ರುಚಿ ಗೊತ್ತಿಲ್ಲ."

ಅಮ್ಮ ಓದಿದ್ದು ಲೋಯರ್ ಸೆಕೆಂಡರಿ. ಅವಳ ಮಾತು ಎಷ್ಟು ನಿಜವೆಂದು ನನಗೆ ತಿಳಿಯುವ ಹೊತ್ತಿಗೆ ಅವಳು ಹೋಗಿ ಇಪ್ಪತ್ತೆರಡು ವರ್ಷವಾಗಿತ್ತು. ತಿಳಿದ ಜಾಗವೂ ಎಲ್ಲಿ? ಅಟ್ಲಾಂಟಿಕ್ ಸಮುದ್ರದ ಹತ್ತಿರದ ಲಿಸ್ಬನ್ ಎಂಬ ಊರಿನಲ್ಲಿ, ಸಿಮೆಂಟಿನ ಸೀರೆ ಒಣಹಾಕಿದಂತಿದ್ದ ಒಂದು ಮಂಟಪದ ಪಕ್ಕದ ಕಟ್ಟಡದಲ್ಲಿ.

ಲಿಸ್ಬನ್ನಿಗೆ ನನ್ನನ್ನು ಕರೆದುಕೊಂಡು ಹೋದವನು ಅಣ್ಣ. ಅವನ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಅಣ್ಣ 1961ರಲ್ಲಿ ಕಲ್ಕತ್ತೆಗೆ ಹೋಗಿ ಹಡಗಿನ ಎಂಜಿನಿಯರಿಂಗ್ ಓದಿದ. ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಸಂಸ್ಕೃತ ಪಂಡಿತರಾಗಿದ್ದ ಅಪ್ಪನಿಗೆ ಇದು ಕೊನೆಯವರೆಗೂ ಹಿಡಿಸಲಿಲ್ಲ. ಆ ಕಾಲಕ್ಕೆ ನಮ್ಮ ಬೀದಿಯಿಂದಲೇ ಇಬ್ಬರು ಹುಡುಗರು ಅಮೆರಿಕಕ್ಕೆ ಹೋಗಿದ್ದರು. ಅವರನ್ನು ಬೀಳ್ಕೊಡಲು ಅಪ್ಪನೂ ಹೋಗಿ ಮಂತ್ರಾಕ್ಷತೆ ಹಾಕಿ ಬಂದಿದ್ದರು. "ಅವರೂ ಸಮುದ್ರ ದಾಟಿದವರೇ ಅಲ್ವೇ?" ಎಂದು ಅಣ್ಣ ಕೇಳಿದರೆ, ಅಪ್ಪನ ಪರವಾಗಿ ಅಮ್ಮ ವಾದ ಮಾಡುತ್ತಿದ್ದಳು: "ವಿಮಾನದಲ್ಲಿ ಹೋದವರು ಸಮುದ್ರ ಮುಟ್ಟಲ್ಲವಲ್ಲೋ." ಅಮೆರಿಕಕ್ಕೆ ಹೋದವರಿಗೆ ಸಂಬಳ ಜಾಸ್ತಿ, ಹಡಗಿನವನ ಮೈತುಂಬ ಎಣ್ಣೆ ಮಸಿ, ಧರ್ಮಶಾಸ್ತ್ರದ ವ್ಯತ್ಯಾಸ ಇಷ್ಟೇ ಎಂದು ನನಗೆ ಈಗ ಅನ್ನಿಸುತ್ತದೆ. ಪ್ರಾಯಶ್ಚಿತ್ತ ಮಾಡಿಸಿಕೋ ಎಂದು ಅಪ್ಪ ಹೇಳಿದರು. ತಪ್ಪು ಮಾಡಿಲ್ಲ, ಮಾಡಿಸಿಕೊಳ್ಳುವುದಿಲ್ಲ ಎಂದು ಅಣ್ಣ ಹೇಳಿದ. ಆಮೇಲೆ ಮಾತು ನಿಂತಿತು. ರಜಕ್ಕೆ ಬಂದರೆ ಅಪ್ಪ ನಡುಮನೆಯಲ್ಲಿ, ಅಣ್ಣ ಜಗಲಿಯಲ್ಲಿ.

1970ರ ಮಾರ್ಚಿಯಲ್ಲಿ ಅಪ್ಪ ತೀರಿಕೊಂಡರು. ಆಗ ಅಣ್ಣನ ಹಡಗು ಆಫ್ರಿಕದ ತುದಿಯಲ್ಲಿತ್ತು. 1967ರ ಯುದ್ಧದಲ್ಲಿ ಮುಚ್ಚಿದ ಸೂಯೆಜ್ ಕಾಲುವೆ ಮತ್ತೆ ತೆರೆದದ್ದು 1975ರಲ್ಲಿ. ಆ ಎಂಟು ವರ್ಷ ಯೂರೋಪಿಗೂ ನಮಗೂ ನಡುವೆ ಓಡಾಡುವ ಹಡಗುಗಳೆಲ್ಲ ಆಫ್ರಿಕವನ್ನು ಸುತ್ತಿಕೊಂಡೇ ಹೋಗಬೇಕಾಗಿತ್ತು, ಐನೂರು ವರ್ಷದ ಹಿಂದೆ ವಾಸ್ಕೋ ಡ ಗಾಮ ಸುತ್ತಿಕೊಂಡು ಬಂದ ಹಾಗೆ. ರೇಡಿಯೋದಲ್ಲಿ ಸುದ್ದಿ ಮುಟ್ಟಿತು, ಮನುಷ್ಯ ಮುಟ್ಟಲಾಗಲಿಲ್ಲ. ದೊಡ್ಡಪ್ಪನ ಮಗ ಕರ್ಮ ಮಾಡಿದ.

ಅಣ್ಣ ಬಂದದ್ದು ಆಗಸ್ಟಿನಲ್ಲಿ, ಅಪ್ಪನ ಮಾಸಿಕದ ದಿನವೇ. ಬೇಕೆಂದೇ ಆ ದಿನ ನೋಡಿಕೊಂಡು ಬಂದನೋ ಏನೋ. ಹೋಮದ ಹೊಗೆಯ ಮಧ್ಯೆ ಕೂತಿದ್ದ ದೊಡ್ಡಪ್ಪ ತಲೆಯೆತ್ತಿ, "ಪ್ರಾಯಶ್ಚಿತ್ತ ಆಗದೆ ಒಳಗೆ ಬಂದು ಕೂಡೋ ಹಾಗಿಲ್ಲಪ್ಪ" ಎಂದರು. ಗಟ್ಟಿಯಾಗಿ ಹೇಳಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. "ಅಪ್ಪ ಇದ್ದಾಗ ಅವರು ಕೇಳಿದ್ರೂ ಮಾಡಿಸಿಕೊಳ್ಳಲಿಲ್ಲ. ಈಗ ಮಾಡಿಸಿಕೊಂಡ್ರೆ ಅವರಿಗೇ ಮಾಡಿದ ಅವಮಾನ ಆಗತ್ತೆ ದೊಡ್ಡಪ್ಪ" ಎಂದು ಹೇಳಿ ಅಣ್ಣ ಜಗಲಿಯ ಮೇಲೆ ಕೂತ.

ನಾನು ಅಡಿಗೆಮನೆಯಲ್ಲಿ ಅಮ್ಮನ ಜೊತೆಗಿದ್ದೆ. ನನಗೆ ಇಪ್ಪತ್ತೊಂದು ವರ್ಷ. ಬ್ರಾಹ್ಮಣರಿಗೆ ಇನ್ನೂ ಎಲೆ ಹಾಕಿರಲಿಲ್ಲ. ಅವರ ಊಟವಾಗುವವರೆಗೆ ಮನೆಯ ಮಗುವಿಗೂ ಒಂದು ಅಗುಳು ಕೊಡದ ನಮ್ಮಮ್ಮ, ಆ ದಿನ ಸಾರಿನ ಪಾತ್ರೆಯಿಂದ ಒಂದು ಲೋಟ ಮೆಣಸಿನ ಸಾರು ಬಗ್ಗಿಸಿ ನನ್ನ ಕೈಗೆ ಕೊಟ್ಟಳು. "ಜಗಲೀಲಿ ಕೂತಿದಾನೆ. ಕೊಟ್ಟು ಬಾ. ಯಾರ ಹತ್ರಾನೂ ಮಾತಾಡಬೇಡ" ಎಂದಳು. ಅವಳ ಕೈ ನಡುಗುತ್ತಿತ್ತು.

ಲೋಟವನ್ನು ಸೆರಗಿನಲ್ಲಿ ಹಿಡಿದು ನಡುಮನೆಯ ಬಾಗಿಲವರೆಗೆ ಹೋದೆ. ದೊಡ್ಡಪ್ಪ ನನ್ನ ಕಡೆ ನೋಡಿದರು. ಅಷ್ಟೇ, ಏನೂ ಅನ್ನಲಿಲ್ಲ. ನಾನು ಲೋಟವನ್ನು ಬಾಗಿಲ ಹಿಂದೆ, ಪೊರಕೆ ಇಡುವ ಮೂಲೆಯಲ್ಲಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಹೋಗಿ ನೋಡಿದರೆ ಜಗಲಿಯಲ್ಲಿ ಅಣ್ಣನಿರಲಿಲ್ಲ. ಅವನು ಬಿಟ್ಟುಹೋದ ಒಂದು ಕಾಗದದ ಪೊಟ್ಟಣ ಇತ್ತು, ಅದರಲ್ಲಿ ಅಮ್ಮನಿಗೆ ಒಂದು ಶಾಲು.

"ಕುಡಿದನಾ?" ಎಂದಳು ಅಮ್ಮ, ವಡೆ ತಿರುವಿಹಾಕುತ್ತ, ನನ್ನ ಮುಖ ನೋಡದೆ.

"ಹೂಂ" ಎಂದೆ.

ಅಮ್ಮ 1976ರಲ್ಲಿ ಹೋದಳು. ಆಗಲೂ ಅಣ್ಣ ಹಡಗಿನ ಮೇಲೆಯೇ ಇದ್ದ. ಕೊನೆಯ ದಿನಗಳಲ್ಲಿ ಒಂದೆರಡು ಸಲ, "ಆವತ್ತು ಸಾರಾದ್ರೂ ಕುಡಿದ" ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ನಾನು ಪಕ್ಕದಲ್ಲೇ ಕೂತು ಕಾಲೊತ್ತುತ್ತಿದ್ದೆ.

ಮುಂದೆ ಅಣ್ಣ ಹಡಗು ಬಿಟ್ಟು ಹಾಲೆಂಡಿನ ರಾಟರ್‌ಡ್ಯಾಮ್ ಬಂದರಿನಲ್ಲಿ ಕೆಲಸಕ್ಕೆ ನಿಂತ. ಮದುವೆಯಾಗಲಿಲ್ಲ. ಬೆಂಗಳೂರಿಗೆ ಎರಡು ಮೂರು ಸಲ ಬಂದ, ಹೋಟೆಲಿನಲ್ಲಿ ಉಳಿದುಕೊಂಡು ಒಂದು ಹೊತ್ತು ನನ್ನ ಮನೆಗೆ ಬಂದು ಹೋದ. ನನ್ನ ಮಕ್ಕಳಿಗೆ ಅವನು ಚಾಕಲೇಟು ತರುವ ಮಾಮ. 1998ರಲ್ಲಿ ಇದ್ದಕ್ಕಿದ್ದ ಹಾಗೆ ಟಿಕೆಟ್ ಕಳಿಸಿದ. "ನೀನು ಸಮುದ್ರ ನೋಡಿರೋದು ಮದರಾಸಿನಲ್ಲಿ ಮಾತ್ರ. ಈ ವರ್ಷ ಲಿಸ್ಬನ್ನಿನಲ್ಲಿ ಸಮುದ್ರದ್ದೇ ಒಂದು ಜಾತ್ರೆ ನಡೀತಿದೆ, ತೋರಿಸ್ತೀನಿ ಬಾ" ಎಂದು ಬರೆದ. ನಮ್ಮವರಿಗೆ ರಜ ಸಿಗಲಿಲ್ಲ. ಹುರಿಹಿಟ್ಟು, ಚಟ್ನಿಪುಡಿ, ಒಂದು ಡಬ್ಬ ಗೊಜ್ಜವಲಕ್ಕಿ ಕಟ್ಟಿಕೊಂಡು ನಾನೊಬ್ಬಳೇ ಹೊರಟೆ. ವಿಮಾನದಲ್ಲೇ ಹೋದೆ, ಸಮುದ್ರ ಮುಟ್ಟಲಿಲ್ಲ.

ಆ ಜಾತ್ರೆಯ ಹೆಸರು ಎಕ್ಸ್‌ಪೋ 98. ಗಾಮ ಕಲ್ಲಿಕೋಟೆಗೆ ಬಂದ ಐನೂರನೆಯ ವರ್ಷ ಎಂದು ಪೋರ್ಚುಗಲ್ ದೇಶ ನಡೆಸಿದ ವಿಶ್ವ ಪ್ರದರ್ಶನ. ಮೇ 22ರಿಂದ ಸೆಪ್ಟೆಂಬರ್ 30ರವರೆಗೆ ನಡೆಯಿತು. ನೋಡಿದವರು ಒಂದು ಕೋಟಿಗೂ ಮೇಲೆ. 'ಸಾಗರಗಳು, ಮುಂದಿನ ಕಾಲದ ಆಸ್ತಿ' ಎಂಬುದು ಅದರ ಘೋಷಣೆ. ಎಣ್ಣೆ ಕಾರ್ಖಾನೆ, ಕಸಾಯಿಖಾನೆಗಳಿದ್ದ ಹಳೆಯ ನದೀತೀರವನ್ನು ಬಳಿದು ತೊಳೆದು ಹೊಸ ಊರನ್ನೇ ಎಬ್ಬಿಸಿದ್ದರು. ತೇಜು ನದಿಯ ಮೇಲೆ ಹದಿನೇಳು ಕಿಲೋಮೀಟರಿನ ಹೊಸ ಸೇತುವೆ, ಅದಕ್ಕೂ ಗಾಮನ ಹೆಸರು. ಗೋಪುರಕ್ಕೂ ಗಾಮನ ಹೆಸರು. ನಮ್ಮಲ್ಲಿ ಎಲ್ಲ ರಸ್ತೆಗೂ ಒಂದೇ ಹೆಸರಿಡುವ ಚಾಳಿಯನ್ನು ನಾನು ಆಮೇಲೆ ಬೈಯಲಿಲ್ಲ.

ಮೊದಲ ದಿನ ದೊಡ್ಡ ಮೀನಿನ ಮನೆ ನೋಡಿದೆವು. ಲಕ್ಷಾಂತರ ಲೀಟರ್ ನೀರಿನ ತೊಟ್ಟಿಯಲ್ಲಿ ಶಾರ್ಕುಗಳು ನಮ್ಮ ಮೂಗಿನ ಮುಂದೆ ಸುಳಿಯುತ್ತವೆ. ಮಕ್ಕಳು ಕಿರುಚುತ್ತವೆ, ದೊಡ್ಡವರೂ ಕಿರುಚುತ್ತಾರೆ. ಅದು ಚೆನ್ನಾಗಿತ್ತು. ಆದರೆ ಊಟದ್ದೇ ಕಷ್ಟ. ಉಪ್ಪು ಹಾಕಿ ಒಣಗಿಸಿದ ಮೀನು ಆ ಜನಕ್ಕೆ ನಮ್ಮ ಹುಳಿ ಇದ್ದ ಹಾಗೆ, ಅದಿಲ್ಲದೆ ಊಟವಿಲ್ಲ. ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು ನಾಲ್ಕು ದಿನ ಕಳೆದೆ. ಹಣ್ಣಿನ ಅಂಗಡಿಯಲ್ಲಿ ಒಂದು ಹಲಗೆಯ ಮೇಲಿನ ಅಕ್ಷರವನ್ನು ಕೂಡಿಸಿ ಓದಿದರೆ 'ಅನಾನಸ್' ಎಂದಿತ್ತು! ಅಣ್ಣ ನಕ್ಕು ಒಂದೊಂದಾಗಿ ಹೇಳಿದ. ನಮ್ಮ ಮೇಜು ಅವರ 'ಮೇಜಾ', ನಮ್ಮ ಸಾಬೂನು ಅವರದು, ಚಾವಿ ಅವರದು, ಇಸ್ತ್ರಿ, ಪಾದ್ರಿ, ತಂಬಾಕು, ಮಂಗಳೂರಿನವರ ಬಾಲ್ದಿ, ಪೇರಳೆ ಎಲ್ಲ ಅವರದೇ. ಪರಂಗಿಯವರು ತಂದದ್ದಕ್ಕೇ ನಮ್ಮ ಹಿತ್ತಲಿನ ಪರಂಗಿ ಹಣ್ಣಿಗೆ ಆ ಹೆಸರು. ನಾನು ಹುಟ್ಟಿದಾಗಿನಿಂದ ಪೋರ್ಚುಗೀಸ್ ಮಾತಾಡುತ್ತಿದ್ದೆ, ಗೊತ್ತಿರಲಿಲ್ಲ.

ಎರಡನೆಯ ದಿನ ಪೋರ್ಚುಗಲ್ಲಿನದೇ ಪೆವಿಲಿಯನ್. ಕಟ್ಟಿದವನು ಆ ದೇಶದ ಹೆಸರಾದ ವಾಸ್ತುಶಿಲ್ಪಿ ಆಲ್ವಾರೊ ಸಿಜಾ. ಎರಡು ಕಡೆ ದಪ್ಪ ಗೋಡೆ ಕಂಬಗಳು, ನಡುವೆ ದೊಡ್ಡ ಅಂಗಳ, ಅಂಗಳದ ಮೇಲೆ ಈ ಕಡೆಯಿಂದ ಆ ಕಡೆಗೆ ಜೋಲುಬಿದ್ದ ಒಂದು ಸಿಮೆಂಟಿನ ಚಪ್ಪರ. ಅರವತ್ತೈದು ಮೀಟರ್ ಅಗಲಕ್ಕೂ ಮಧ್ಯೆ ಒಂದು ಕಂಬವಿಲ್ಲ. ದಪ್ಪ ಇಪ್ಪತ್ತು ಸೆಂಟಿಮೀಟರ್, ಅಂದರೆ ಹೆಚ್ಚು ಕಡಿಮೆ ಒಂದು ಗೇಣು. ಒಳಗೆ ಉಕ್ಕಿನ ತಂತಿಗಳನ್ನು ಎಳೆದು ಕಟ್ಟಿದ್ದಾರೆ. ಎಲ್ಲರೂ ಅದು ಹಡಗಿನ ಹಾಯಿಯಂತಿದೆ ಎನ್ನುತ್ತಿದ್ದರಂತೆ. ನನಗೆ ಕಂಡದ್ದು ಹಿತ್ತಲಿನಲ್ಲಿ ಎರಡು ಕಂಬದ ಮಧ್ಯೆ ಅಮ್ಮ ಒಣಹಾಕುತ್ತಿದ್ದ ಒಂಬತ್ತು ಗಜದ ಸೀರೆ. ಅದರ ಕೆಳಗೆ ನಿಂತರೆ ಅದೇ ತಂಪು.

ಒಳಗೆ ಹೋಗುವಾಗ ನನಗೆ ಸ್ವಲ್ಪ ಸಿಟ್ಟೇ ಇತ್ತು ಎನ್ನಬೇಕು. ಆ ವರ್ಷ ಗಾಮನ ಸಂಭ್ರಮಕ್ಕೆ ಕೇರಳ, ಗೋವಾಗಳಲ್ಲಿ ವಿರೋಧ ಎದ್ದಿತ್ತು, ಪತ್ರಿಕೆಗಳಲ್ಲಿ ಓದಿದ್ದೆ. 1502ರಲ್ಲಿ ಎರಡನೆಯ ಸಲ ಬಂದಾಗ ಈ ಮಹಾನುಭಾವ ಮೆಕ್ಕಾ ಯಾತ್ರೆ ಮುಗಿಸಿ ಬರುತ್ತಿದ್ದ ಒಂದು ಹಡಗನ್ನು ಹಿಡಿದು, ಜನರಿದ್ದಂತೆಯೇ ಬೆಂಕಿ ಹಚ್ಚಿಸಿದ. ಹೆಂಗಸರು ಎಳೆಮಕ್ಕಳನ್ನು ಎತ್ತಿ ಹಿಡಿದು ತೋರಿಸಿ ಬೇಡಿಕೊಂಡರು ಎಂದು ಅವನ ಜೊತೆಯವನೇ ಬರೆದಿಟ್ಟಿದ್ದಾನೆ. ಕಥೆಯ ಆ ಪುಟ ಅಲ್ಲಿನ ಬೆಳಕು ಬಣ್ಣಗಳಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದಿದ್ದರೂ ಅವರ ಬರಹ ನನಗೆ ಬಾರದು. ಉಳ್ಳಾಲದ ಅಬ್ಬಕ್ಕನ ಹೆಸರನ್ನಂತೂ ನಾನು ಹುಡುಕುತ್ತಲೇ ಇದ್ದೆ. ಕಪ್ಪ ಕೊಡೆನೆಂದು ಈ ಜನದ ಎದುರು ಹೋರಾಡಿದವಳು ಅವಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನಾದರೂ ನೆನೆಯಬಹುದಿತ್ತಲ್ಲ! ಅರ್ಧ ಶತಮಾನ ಆಳಿದ ಅವಳಿಗೆ 'ಮೆಣಸಿನ ರಾಣಿ' ಎಂದು ಹೆಸರಿಟ್ಟವರೇ ಪೋರ್ಚುಗೀಸರು. ಗಾಮ ತಿರುಗಿ ಹೋಗುವಾಗ ಹಡಗು ತೊಳೆದು ರಿಪೇರಿ ಮಾಡಿಕೊಂಡದ್ದು ನಮ್ಮ ಕಾರವಾರದ ಎದುರಿಗಿರುವ ಅಂಜದೀವದಲ್ಲಿ. ಬೇರೆಯವರ ಮನೆ ಅಂಗಳದಲ್ಲಿ ಗಾಡಿ ರಿಪೇರಿ ಮಾಡಿಕೊಂಡು, ಏಳು ವರ್ಷದ ಮೇಲೆ ಅವನ ಜನ ಬಂದು ಅಲ್ಲೇ ಕೋಟೆ ಕಟ್ಟಿದರು. ಇದನ್ನೆಲ್ಲ ಗೊಣಗುತ್ತ ನಾನು, ಕೈ ಹಿಂದೆ ಕಟ್ಟಿಕೊಂಡು ಅಣ್ಣ, ಹೀಗೆ ಸಾಗಿದೆವು.

ಆ ಪೆವಿಲಿಯನ್ನಿನ ಮುಖ್ಯ ವಸ್ತು ಗೆದ್ದು ಬಂದ ಹಡಗಲ್ಲ, ಮುಳುಗಿದ ಹಡಗು. ನನಗೆ ಮೊದಲು ಆಶ್ಚರ್ಯವಾದದ್ದು ಇದಕ್ಕೇ. ಹಡಗಿನ ಹೆಸರು 'ನೋಸ ಸೆನ್ಯೋರ ದೊಸ್ ಮಾರ್ತಿರೆಸ್', ಹುತಾತ್ಮರ ಮಾತೆ ಎಂದರ್ಥವಂತೆ. 1606ರಲ್ಲಿ ಕೊಚ್ಚಿಯಿಂದ ಮೆಣಸು ತುಂಬಿಕೊಂಡು ಹೊರಟಿತು. ಆಫ್ರಿಕವನ್ನು ಸುತ್ತಿ, ತಿಂಗಳುಗಟ್ಟಲೆ ತೇಲಿ, ಸೆಪ್ಟೆಂಬರಿನಲ್ಲಿ ತೇಜು ನದಿಯ ಬಾಯಿಗೆ ಬಂತು. ಊರು ಕಾಣಿಸುತ್ತಿದೆ ಎನ್ನುವಷ್ಟು ಹತ್ತಿರ. ಅಲ್ಲಿ ಬಿರುಗಾಳಿಗೆ ಸಿಕ್ಕಿ, ಕೋಟೆಯ ಬುಡದ ಬಂಡೆಗೆ ಬಡಿದು ಒಡೆದುಹೋಯಿತು. ನೂರಾರು ಜನ ಸತ್ತರು. ಮೆಣಸು ನೀರಿನ ಮೇಲೆ ಕಪ್ಪಾಗಿ ಹರಡಿ ದಡಕ್ಕೆ ಬಂತು, ಊರಿನವರು ಬಾಚಿಕೊಂಡರು. ಎಕ್ಸ್‌ಪೋಗೆ ಸಿದ್ಧತೆ ನಡೆಯುತ್ತಿದ್ದಾಗ, 1996 ಮತ್ತು 97ರಲ್ಲಿ, ಮುಳುಗುಗಾರರು ಆ ಹಡಗಿನ ಅವಶೇಷಗಳನ್ನು ಅಗೆದು ತೆಗೆದರು. ಹಡಗಿನ ತೊಲೆ, ಪಿಂಗಾಣಿ ತಟ್ಟೆ, ಸೂರ್ಯನನ್ನು ನೋಡಿ ಜಾಗ ಗುರುತಿಸುವ ಹಿತ್ತಾಳೆಯ ಚಕ್ರಗಳು ಸಿಕ್ಕವು. ಮರದ ಮೇಲೆ ಪದರ ಪದರವಾಗಿ ಮೆಣಸೂ ಸಿಕ್ಕಿತು. ಸುಮಾರು ನಾಲ್ಕು ನೂರು ವರ್ಷ ನೀರಿನಡಿಯಲ್ಲಿದ್ದ ಮೆಣಸು!

ಮೆಣಸಿನಕಾಳಿನ ಮುಂದೆ ನಾನು ನಿಂತುಬಿಟ್ಟೆ. ಸಾಸಿವೆ ಡಬ್ಬದ ಪಕ್ಕದ ನನ್ನ ಡಬ್ಬದಲ್ಲಿರುವ ಅದೇ ಸುಕ್ಕು ಸುಕ್ಕು ಕಾಳು. ಕೊಚ್ಚಿಯ ಹಡಗು, ಮಲಬಾರಿನ ಮೆಣಸೇ ಇರಬಹುದು. ಆದರೆ ನಮ್ಮ ಹೊನ್ನಾವರ, ಬಸರೂರು, ಮಂಗಳೂರುಗಳಿಂದಲೂ ಆ ಕಾಲಕ್ಕೆ ಇವರು ಮೆಣಸು ಒಯ್ಯುತ್ತಿದ್ದರು. ಚೆನ್ನಭೈರಾದೇವಿಯ ಆಳ್ವಿಕೆ ಮುಗಿದದ್ದೂ ಅದೇ 1606ರ ಸುಮಾರಿಗೆ. ಆಮೇಲೆ ಅಣ್ಣ ವಿವರಿಸಿದ: ಹೀಗೆ ಮೆಣಸು ಒಯ್ಯಲು ಬಂದವರೇ, ಅಮೆರಿಕ ಖಂಡದಲ್ಲಿ ಸಿಕ್ಕ ಮೆಣಸಿನಕಾಯಿಯನ್ನು ನಮಗೆ ತಂದುಕೊಟ್ಟರು. ಅಲ್ಲಿಯವರೆಗೆ ನಮ್ಮ ದೇಶದಲ್ಲಿ ಮೆಣಸಿನಕಾಯಿಯೇ ಇರಲಿಲ್ಲ. ಬಂದಾಗ ನಮ್ಮವರು ಹೊಸ ಹೆಸರು ಹುಡುಕುವ ತೊಂದರೆ ತೆಗೆದುಕೊಳ್ಳಲಿಲ್ಲ, ಮೆಣಸಿನ ಹಾಗೆ ಖಾರವಾಗಿರುವ ಕಾಯಿ, ಮೆಣಸಿನಕಾಯಿ ಎಂದರು. ಆಲೂಗಡ್ಡೆ, ಟೊಮೇಟೊ, ಗೋಡಂಬಿ, ಸೀಬೆ, ಕಡಲೆಕಾಯಿಗಳ ಮೂಲವೂ ಅಮೆರಿಕವೇ. ಅಮ್ಮನ ತಿಥಿ ಅಡಿಗೆಯ ಪಟ್ಟಿ ನನ್ನ ಕಣ್ಣ ಮುಂದೆ ಬಂತು. ಅವಳು ಬೇಡವೆನ್ನುತ್ತಿದ್ದ ತರಕಾರಿಗಳೆಲ್ಲ ಹಡಗಿನಲ್ಲಿ ಬಂದವು. (ಗೆಣಸು ಮಾತ್ರ ಹೇಗೋ ನುಸುಳಿಕೊಂಡಿದೆ. ಅದೂ ಅಲ್ಲಿಯದೇ ಎಂದು ಪುರೋಹಿತರಿಗೆ ನಾನು ಇದುವರೆಗೂ ಹೇಳಿಲ್ಲ.)

"ಅಮ್ಮ ಹೇಳ್ತಿದ್ದಳು ಕಣೋ, ಪಿತೃಗಳಿಗೆ ಅದರ ರುಚಿ ಗೊತ್ತಿಲ್ಲ ಅಂತ" ಎಂದೆ.

ಅಣ್ಣ ಗಾಜಿನ ಆಚೆ ನೋಡುತ್ತಲೇ ಇದ್ದ. "ಅಪ್ಪ ಹೋದ ಸುದ್ದಿ ಬಂದಾಗ ನಾವು ಕೇಪ್ ದಾಟ್ತಿದ್ದೆವು" ಎಂದ. "ವಾಚ್ ಮುಗಿಸಿ ಮೇಲೆ ಬಂದೆ. ಎಳ್ಳು ನೀರು ಬಿಡೋಣ ಅಂದ್ರೆ ಹಡಗಿನಲ್ಲಿ ಎಳ್ಳೆಲ್ಲಿ? ಅಡಿಗೆಯವನು ಗೋವಾದವನು, ಒಂದು ಹಿಡಿ ಮೆಣಸು ಕೊಟ್ಟ. ಅದನ್ನೇ ಬಿಟ್ಟೆ. ಮಂತ್ರ ಅರ್ಧಕ್ಕೆ ಮರೆತುಹೋಯ್ತು."

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ನಮ್ಮ ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು. ಒಬ್ಬಳು ಹುಡುಗಿ ನನ್ನ ಸೀರೆಯ ಅಂಚನ್ನು ಮುಟ್ಟಿ ನೋಡುತ್ತಿದ್ದಳು. ನನಗೆ ಆಗ ಹೇಳದಿದ್ದರೆ ಇನ್ನು ಆಗುವುದಿಲ್ಲ ಅನ್ನಿಸಿತು. ಮಾಸಿಕದ ದಿನ ಅಮ್ಮ ಲೋಟದಲ್ಲಿ ಸಾರು ಕಳಿಸಿದ್ದು, ದೊಡ್ಡಪ್ಪ ನೋಡಿದ್ದು, ಪೊರಕೆಯ ಮೂಲೆ, ಅಮ್ಮನಿಗೆ ನಾನು ಹೂಂ ಅಂದದ್ದು, ಎಲ್ಲ ಹೇಳಿದೆ. ಅಳು ಬರಲಿಲ್ಲ. ಗಂಟಲು ಮಾತ್ರ ಒಣಗಿತ್ತು.

ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಎಲೆ ಹಾಕೋಕೆ ಮುಂಚೇನೇ ಕಳಿಸಿದಳಾ?" ಎಂದ.

"ಹೂಂ. ಮುಂಚೇನೇ."

"ಬಿಸಿ ಇತ್ತಾ?"

"ಇತ್ತು. ಸೆರಗಿನಲ್ಲಿ ಹಿಡಿದುಕೊಂಡಿದ್ದೆ."

ಅವನು ತಲೆಯಾಡಿಸಿದ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡ. "ಬಾ, ಮುಂದೆ ನಕ್ಷೆಗಳಿವೆ" ಎಂದು ನನ್ನ ಕೈಚೀಲವನ್ನು ತಾನೇ ಎತ್ತಿಕೊಂಡ. ಇಪ್ಪತ್ತೆಂಟು ವರ್ಷದ ಮಾತು ಅಷ್ಟರಲ್ಲಿ ಮುಗಿಯಿತು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಮಾರನೆಯ ವರ್ಷ ಕಾರ್ತಿಕದಲ್ಲಿ ಅಣ್ಣ ಬೆಂಗಳೂರಿಗೆ ಬಂದ. ಹೋಟೆಲಿಗೆ ಹೋಗಲಿಲ್ಲ, ನನ್ನ ಮನೆಯಲ್ಲೇ ಇದ್ದ. ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಕರೆದುಕೊಂಡು ಹೋದೆ. ಬ್ಯೂಗಲ್ ರಾಕಿನ ಪಕ್ಕದಲ್ಲಿ ರಾಶಿ ರಾಶಿ ಕಾಯಿ, ಹಸಿಯದು, ಹುರಿದದ್ದು, ಬೇಯಿಸಿದ್ದು. ಬಸವ ರೈತರ ಕಡಲೆಕಾಯಿ ಹೊಲ ಮೇಯುತ್ತಿದ್ದ ಕಥೆ, 1537ರಲ್ಲಿ ಕೆಂಪೇಗೌಡರು ಗುಡಿ ಕಟ್ಟಿಸಿದ ಕಥೆಗಳನ್ನು ನಾನು ಹೇಳುತ್ತಿದ್ದರೆ, ಅವನು ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡು, "ಆಗ ಈ ಕಾಯಿ ಇನ್ನೂ ಹಡಗು ಇಳಿದಿತ್ತೋ ಇಲ್ಲವೋ, ಬಸವನ್ನೇ ಕೇಳಬೇಕು" ಎಂದ. ಮೆಲ್ಲಗೆ ಹೇಳೋ ಎಂದು ಗದರಿಸಿದೆ. ಬರುವಾಗ ಗಾಂಧಿ ಬಜಾರಿನಲ್ಲಿ ಕಾಲು ಕಿಲೋ ಮೆಣಸು ಕೊಂಡ. ಅಂಗಡಿಯವನಿಂದ ಪೊಟ್ಟಣ ಬಿಚ್ಚಿಸಿ, ಕಾಳನ್ನು ಅಂಗೈಯಲ್ಲಿ ಉರುಳಿಸಿ ನೋಡಿದ.

ತಿಥಿಯಿಲ್ಲದ ದಿನ ತಿಥಿಯ ಸಾರು ಮಾಡಬಾರದು ಎಂದು ನಮ್ಮತ್ತೆ ಹೇಳುತ್ತಿದ್ದರು, ನಾನೂ ನಡೆಸಿಕೊಂಡು ಬಂದಿದ್ದೆ. ಮಾರನೆಯ ದಿನ, ಒಂದು ಸಾದಾ ಮಂಗಳವಾರ, ಮಾಡಿದೆ. ತೊಗರಿಬೇಳೆ ಹಾಕಲಿಲ್ಲ, ಅಮ್ಮನ ಹಾಗೆ ಹೆಸರುಬೇಳೆ, ಮೆಣಸು, ಜೀರಿಗೆ, ತುಪ್ಪದಲ್ಲಿ ಕರಿಬೇವು. ಲೋಟದಲ್ಲಿ ಬಗ್ಗಿಸಿ ಅವನು ಕೂತಿದ್ದ ವರಾಂಡಕ್ಕೆ ತೆಗೆದುಕೊಂಡು ಹೋಗಿ ಕೊಟ್ಟೆ. ಊದಿ ಊದಿ ಕುಡಿದ. ಲೋಟ ಕೆಳಗಿಟ್ಟು, ಇನ್ನೂ ಇದೆಯಾ ಎಂದ. ಇದೆ, ಎಲೆ ಹಾಕಿದೀನಿ, ಒಳಗೆ ಬಾ ಎಂದೆ.

ಅನ್ನಕ್ಕೆ ಎರಡನೆಯ ಸಲ ಸಾರು ಬಡಿಸಿಕೊಂಡು ಆ ಕಡೆ ಈ ಕಡೆ ನೋಡಿ ಕೇಳಿದ: "ನಂಚಿಕೊಳ್ಳೋಕೆ ಬಾಳಕದ ಮೆಣಸಿನಕಾಯಿ ಇಲ್ವೇನೇ?"

ಸ್ಟೂಲು ಹಾಕಿಕೊಂಡು ಅಟ್ಟದಿಂದ ಡಬ್ಬ ಇಳಿಸಿದೆ.